ವಾಲ್ಯೂಮ್ ಕಂಟ್ರೋಲ್ ವೆಂಟಿಲೇಟರ್: ಅಳತೆ, ಒತ್ತಡ, ಅಲಾರಂ

ಮಿಷನ್ ಆನ್ ಮಾಡುವ ಮೊದಲು ಕೈಗೆ ಬೇಕಾದದ್ದು ಒಂದು ಅಳತೆ ಟೇಪು. ರೋಗಿಯನ್ನು ಅಂಗಾತ ಮಲಗಿಸಿ, ಕಾಲು ನೇರ ಮಾಡಿ, ಹಿಮ್ಮಡಿಯಿಂದ ನೆತ್ತಿಯವರೆಗೆ ಎಷ್ಟು ಸೆಂಟಿಮೀಟರ್ ಎಂದು ಅಳೆದು ಕೇಸ್ ಶೀಟಿನ ಮೊದಲ ಪುಟದಲ್ಲೇ ಬರೆಯಿರಿ. ವಾಲ್ಯೂಮ್ ಕಂಟ್ರೋಲ್ ಮೋಡ್‌ನಲ್ಲಿ ಆಗುವ ಅತಿ ದೊಡ್ಡ ತಪ್ಪು ಹುಟ್ಟುವುದು ಈ ಅಳತೆ ಬಿಟ್ಟುಹೋದಾಗ. "ನೋಡಿದರೆ ಎಪ್ಪತ್ತು ಕೆಜಿ ಇರಬಹುದು, 500 ಇಡಿ" ಎಂದು ಯಾರೋ ಹೇಳುತ್ತಾರೆ, ಉಸಿರಿಗೆ 500 ಮಿ.ಲೀ. ಅನ್ನುವ ಆ ಸಂಖ್ಯೆ ಮೂರು ದಿನ ಹಾಗೇ ಉಳಿಯುತ್ತದೆ.

ಇದು ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಜಿಲ್ಲಾ ಮತ್ತು ತಾಲ್ಲೂಕು ಆಸ್ಪತ್ರೆಗಳ ಐಸಿಯುನಲ್ಲಿ ರಾತ್ರಿ ಪಾಳಿ ಮಾಡುವ ಸ್ಟಾಫ್ ನರ್ಸ್‌ಗಳಿಗೆ, ಡ್ಯೂಟಿ ಡಾಕ್ಟರುಗಳಿಗೆ ಮತ್ತು ರೋಗಿಯನ್ನು ಆಂಬುಲೆನ್ಸ್‌ನಲ್ಲಿ ಕರೆದೊಯ್ಯುವವರಿಗೆ. ಇಲ್ಲಿನ ಸಂಖ್ಯೆಗಳೆಲ್ಲ ವಯಸ್ಕರವು. ಮಕ್ಕಳ ಲೆಕ್ಕ ಬೇರೆ. ಸೆಟ್ಟಿಂಗ್ ಬದಲಿಸುವುದು ವೈದ್ಯರ ಆದೇಶದ ಮೇಲೆ. ಆದರೆ ಆದೇಶ ಏಕೆ ಹಾಗಿದೆ, ಯಾವಾಗ ಅದನ್ನು ಮತ್ತೆ ಕೇಳಬೇಕು ಅನ್ನುವುದು ಹಾಸಿಗೆಯ ಪಕ್ಕದಲ್ಲಿ ನಿಂತವರಿಗೇ ಮೊದಲು ತಿಳಿಯಬೇಕು.

ಈ ಮೋಡ್ ಮಾಡುವುದೇನು

ಹೆಸರೇ ಹೇಳುವಂತೆ ಇಲ್ಲಿ ನಾವು ಗೊತ್ತುಮಾಡುವುದು ಗಾಳಿಯ ಪ್ರಮಾಣ. ಒಂದು ಉಸಿರಿಗೆ 400 ಮಿ.ಲೀ. ಎಂದು ಇಟ್ಟರೆ, ಶ್ವಾಸಕೋಶ ಮೆತ್ತಗಿರಲಿ, ಬಿಗಿದಿರಲಿ, ಬಾಯಿಂದ ಶ್ವಾಸನಾಳಕ್ಕೆ ಇಳಿಸಿದ ಟ್ಯೂಬಿನಲ್ಲಿ ಕಫ ಕಟ್ಟಿರಲಿ, ಮಿಷನ್ 400 ಮಿ.ಲೀ. ತಳ್ಳಲು ನೋಡುತ್ತದೆ. ಹಾಗೆ ತಳ್ಳಲು ಎಷ್ಟು ಒತ್ತಡ ಬೇಕಾಯಿತು ಅನ್ನುವುದು ನಮ್ಮ ಕೈಯಲ್ಲಿಲ್ಲ. ಅದು ರೋಗಿಯ ಎದೆ ಕೊಡುವ ಉತ್ತರ. ಪ್ರೆಶರ್ ಕಂಟ್ರೋಲ್ ಮೋಡ್‌ನಲ್ಲಿ ಇದೇ ತಿರುಗುಮುರುಗು: ಒತ್ತಡ ನಾವು ಇಡುತ್ತೇವೆ, ಎಷ್ಟು ಗಾಳಿ ಹೋಯಿತು ಎಂದು ಎದೆ ಹೇಳುತ್ತದೆ. ಆದ್ದರಿಂದ ವಾಲ್ಯೂಮ್ ಕಂಟ್ರೋಲ್‌ನಲ್ಲಿ ಕಣ್ಣಿಡಬೇಕಾದದ್ದು ಒತ್ತಡದ ಮೇಲೆ.

ಕೋಲಾರ, ಚಿಕ್ಕಬಳ್ಳಾಪುರದ ತೋಟಗಳಲ್ಲಿ ಡ್ರಿಪ್ ನೋಡಿಕೊಂಡವರಿಗೆ ಈ ಲೆಕ್ಕ ಹೊಸದಲ್ಲ. ಫಿಲ್ಟರಿನ ಹಿಂದೊಂದು ಗೇಜು, ಮುಂದೊಂದು ಗೇಜು ಇರುತ್ತದೆ. ಪಂಪು ನೀರು ತಳ್ಳುತ್ತಲೇ ಇರುತ್ತದೆ. ಎರಡು ಗೇಜುಗಳ ನಡುವಿನ ಅಂತರ ಏರಿದರೆ ಫಿಲ್ಟರು ಕಟ್ಟಿದೆ ಎಂದರ್ಥ. ಅಂತರ ಹಾಗೇ ಇದ್ದು ಎರಡೂ ಗೇಜು ಒಟ್ಟಿಗೆ ಏರಿದರೆ ಫಿಲ್ಟರು ಸರಿಯಿದೆ, ಮುಂದಿನ ಪೈಪುಗಳಲ್ಲಿ ಉಪ್ಪು ಕಟ್ಟಿದೆ. ವೆಂಟಿಲೇಟರಿನಲ್ಲಿ ಮೊದಲ ಗೇಜಿನ ಹೆಸರು ಪೀಕ್ ಪ್ರೆಶರ್, ಎರಡನೆಯದರ ಹೆಸರು ಪ್ಲಾಟೋ ಪ್ರೆಶರ್. ಟ್ಯೂಬು ಮತ್ತು ಶ್ವಾಸನಾಳಗಳು ಫಿಲ್ಟರಿದ್ದ ಹಾಗೆ, ಶ್ವಾಸಕೋಶ ಮುಂದಿನ ಪೈಪುಗಳಿದ್ದ ಹಾಗೆ. ಕೆಳಗೆ ಬರುವ ಅರ್ಧಕ್ಕಿಂತ ಹೆಚ್ಚು ವಿಷಯ ಈ ಎರಡು ಗೇಜುಗಳದ್ದೇ.

ಸಾಮಾನ್ಯವಾಗಿ ಬಳಸುವುದು ಅಸಿಸ್ಟ್ ಕಂಟ್ರೋಲ್. ರೇಟ್ 16 ಇಟ್ಟರೆ ನಿಮಿಷಕ್ಕೆ ಕನಿಷ್ಠ 16 ಉಸಿರು ಮಿಷನ್ ಕೊಡುತ್ತದೆ. ರೋಗಿ ತಾನಾಗಿ ಎಳೆದರೆ ಆ ಹೆಚ್ಚಿನ ಪ್ರತಿ ಉಸಿರಿಗೂ ಅಷ್ಟೇ ಮಿ.ಲೀ. ಪೂರ್ತಿ ಹೋಗುತ್ತದೆ. ಸ್ಕ್ರೀನಿನಲ್ಲಿ ಸೆಟ್ ರೇಟ್ 16, ಟೋಟಲ್ ರೇಟ್ 30 ಕಂಡರೆ ರೋಗಿ ಎರಡರಷ್ಟು ಗಾಳಿ ತೆಗೆದುಕೊಳ್ಳುತ್ತಿದ್ದಾನೆ. ಚಾರ್ಟಿನಲ್ಲಿ ಎರಡನ್ನೂ ಬರೆಯಿರಿ.

ಟೈಡಲ್ ವಾಲ್ಯೂಮ್: ತೂಕದ ಮೇಲಲ್ಲ, ಎತ್ತರದ ಮೇಲೆ

ಟೈಡಲ್ ವಾಲ್ಯೂಮ್ ಅಂದರೆ ಒಂದು ಉಸಿರಿಗೆ ಹೋಗುವ ಗಾಳಿ. ಮನುಷ್ಯ ದಪ್ಪಗಾದರೆ ಹೊಟ್ಟೆ ಬೆಳೆಯುತ್ತದೆ, ಶ್ವಾಸಕೋಶ ಬೆಳೆಯುವುದಿಲ್ಲ. ಅದರ ಗಾತ್ರ ಎತ್ತರಕ್ಕೆ ತಕ್ಕಂತೆ ಇರುತ್ತದೆ. ಹಾಗಾಗಿ ಎತ್ತರದಿಂದ ಲೆಕ್ಕದ ತೂಕ ತೆಗೆಯುತ್ತೇವೆ:

ಗಂಡಸು: 50 + 0.91 × (ಎತ್ತರ ಸೆಂ.ಮೀ. − 152.4)
ಹೆಂಗಸು: 45.5 + 0.91 × (ಎತ್ತರ ಸೆಂ.ಮೀ. − 152.4)

165 ಸೆಂ.ಮೀ. ಗಂಡಸಿಗೆ ಲೆಕ್ಕದ ತೂಕ 61.5 ಕೆಜಿ. ಕೆಜಿಗೆ 6 ಮಿ.ಲೀ. ಆದರೆ 370, 8 ಮಿ.ಲೀ. ಆದರೆ 490. 150 ಸೆಂ.ಮೀ. ಹೆಂಗಸಿಗೆ 43 ಕೆಜಿ. 6ಕ್ಕೆ 260, 8ಕ್ಕೆ 345. ನಮ್ಮ ಕಡೆಯ ಎಷ್ಟೋ ಹೆಂಗಸರು ಈ ಎತ್ತರದವರೇ. ಅವರಿಗೆ ಕಣ್ಣಳತೆಯಲ್ಲಿ 450 ಇಟ್ಟರೆ ಕೆಜಿಗೆ 10 ಮಿ.ಲೀ. ದಾಟುತ್ತದೆ. ಎತ್ತರ ಅಳೆಯದಿದ್ದರೆ ಹೆಚ್ಚು ಪೆಟ್ಟು ತಿನ್ನುವುದು ಗಿಡ್ಡ ಹೆಂಗಸರ ಶ್ವಾಸಕೋಶ.

ಹೆಚ್ಚು ಗಾಳಿ ಕೊಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ಗಟ್ಟಿ ಸಾಕ್ಷಿ 2000ನೇ ಇಸವಿಯಲ್ಲಿ ಅಮೆರಿಕದಿಂದ ಬಂತು. ಎಆರ್‌ಡಿಎಸ್ (ಎರಡೂ ಶ್ವಾಸಕೋಶ ಊದಿ, ನೀರು ತುಂಬಿ ಬಿಗಿಯುವ ಸ್ಥಿತಿ) ಇದ್ದ 861 ರೋಗಿಗಳ ಆ ಅಧ್ಯಯನದಲ್ಲಿ ಕೆಜಿಗೆ 12 ಮಿ.ಲೀ. ಪಡೆದವರಲ್ಲಿ 39.8 ಶೇಕಡಾ ಮಂದಿ ತೀರಿಕೊಂಡರೆ, 6 ಮಿ.ಲೀ. ಪಡೆದವರಲ್ಲಿ 31 ಶೇಕಡಾ. ಔಷಧಿ ಬದಲಾಗಿರಲಿಲ್ಲ, ಬದಲಾದದ್ದು ಗಾಳಿಯ ಅಳತೆ ಮತ್ತು ಒತ್ತಡದ ಮಿತಿ. ಈಗ ಎಆರ್‌ಡಿಎಸ್‌ಗೆ 6ರಿಂದ ಶುರು, ಬೇಕಾದರೆ 4ರವರೆಗೆ ಇಳಿಕೆ. ಶ್ವಾಸಕೋಶ ಚೆನ್ನಾಗಿರುವವರಿಗೆ 6ರಿಂದ 8.

ಬೆನ್ನು ಬಾಗಿದವರನ್ನು ಟೇಪಿನಲ್ಲಿ ಅಳೆದರೆ ತಪ್ಪು ಬರುತ್ತದೆ. ಪಾವಗಡ, ಬಾಗೇಪಲ್ಲಿ, ಶ್ರೀನಿವಾಸಪುರದ ಕಡೆ ಫ್ಲೋರೈಡ್ ನೀರು ಕುಡಿದು ಬೆನ್ನು ಸೆಟೆದ ಹಿರಿಯರಿಗೆ ಇದು ವಿಶೇಷವಾಗಿ ಅನ್ವಯ. ಅವರ ಒಂದು ಕೈಯನ್ನು ಭುಜದ ಮಟ್ಟಕ್ಕೆ ಚಾಚಿಸಿ, ಕುತ್ತಿಗೆಯ ಬುಡದ ಗುಳಿಯಿಂದ ಮಧ್ಯದ ಬೆರಳು ಮತ್ತು ಉಂಗುರದ ಬೆರಳಿನ ಸಂದಿಯವರೆಗೆ ಅಳೆಯಿರಿ. ಹೆಂಗಸಿಗೆ ಆ ಅಳತೆ × 1.35 + 60.1, ಗಂಡಸಿಗೆ × 1.40 + 57.8. ಹೆಂಗಸಿನ ತೋಳು 70 ಸೆಂ.ಮೀ. ಬಂದರೆ ಎತ್ತರ ಸುಮಾರು 154.6.

ಉಳಿದ ಗುಂಡಿಗಳು

ರೇಟ್ 14ರಿಂದ 18ರಲ್ಲಿ ಶುರು ಮಾಡಬಹುದು. ಅದು ಸರಿಯೇ ಎಂದು ಹೇಳುವುದು ಅರ್ಧ ಗಂಟೆಯ ನಂತರದ ಎಬಿಜಿ, ಅಂದರೆ ಅಪಧಮನಿಯ ರಕ್ತದ ಅನಿಲ ಪರೀಕ್ಷೆ. ಕಾರ್ಬನ್ ಡೈಆಕ್ಸೈಡ್ ಹೆಚ್ಚಿದ್ದರೆ ಹೊಸ ರೇಟಿಗೆ ಸುಲಭ ಲೆಕ್ಕವಿದೆ: ಈಗಿನ ರೇಟ್ × ಈಗಿನ ಕಾರ್ಬನ್ ಡೈಆಕ್ಸೈಡ್ ÷ ಬೇಕಾದ ಕಾರ್ಬನ್ ಡೈಆಕ್ಸೈಡ್. ರೇಟ್ 16, ಎಬಿಜಿಯಲ್ಲಿ 60, ಬೇಕಾದದ್ದು 45 ಅಂದರೆ 16 × 60 ÷ 45, ಅಂದರೆ 21. ಟೈಡಲ್ ವಾಲ್ಯೂಮ್ ಏರಿಸಿ ಕಾರ್ಬನ್ ಡೈಆಕ್ಸೈಡ್ ಇಳಿಸುವ ಅಭ್ಯಾಸ ಬೇಡ, ಮೊದಲು ರೇಟ್. ಉಸಿರು ಹೊರಬರಲು ತಡವಾಗುವ ಆಸ್ತಮಾ, ಸಿಒಪಿಡಿ (ಶ್ವಾಸನಾಳ ಕಿರಿದಾಗುವ ದೀರ್ಘಕಾಲದ ಕಾಯಿಲೆ) ರೋಗಿಗಳು ಮಾತ್ರ ಇದಕ್ಕೆ ಅಪವಾದ, ಅವರ ವಿಷಯ ಮುಂದೆ ಬರುತ್ತದೆ.

ಫ್ಲೋ ಅನ್ನುವುದು ಗಾಳಿ ಹೋಗುವ ವೇಗ. ನಿಮಿಷಕ್ಕೆ 60 ಲೀಟರ್ ಎಂದರೆ ಸೆಕೆಂಡಿಗೆ ಒಂದು ಲೀಟರ್, 400 ಮಿ.ಲೀ. ಹೋಗಲು 0.4 ಸೆಕೆಂಡ್ ಸಾಕು. ಇದು ಮೊದಲಿಂದ ಕೊನೆವರೆಗೆ ಒಂದೇ ವೇಗದ ಚೌಕಾಕಾರದ ಫ್ಲೋಗೆ. ಬರಬರುತ್ತಾ ವೇಗ ಇಳಿಯುವ ಇಳಿಜಾರು ಫ್ಲೋ ಆರಿಸಿದರೆ ಅಷ್ಟೇ ಗಾಳಿಗೆ ಹೆಚ್ಚು ಸಮಯ ಹಿಡಿಯುತ್ತದೆ. ಇಲ್ಲಿ ಮಿಷನ್‌ನಿಂದ ಮಿಷನ್‌ಗೆ ವ್ಯತ್ಯಾಸವಿದೆ: ಕೆಲವು ಫ್ಲೋ ಕೇಳುತ್ತವೆ, ಕೆಲವು ಉಸಿರೊಳಗೆಳೆಯುವ ಸೆಕೆಂಡು ಕೇಳುತ್ತವೆ, ಕೆಲವು ಐ:ಇ ರೇಶಿಯೋ (ಉಸಿರು ಒಳಹೋಗುವ ಮತ್ತು ಹೊರಬರುವ ಸಮಯದ ಅನುಪಾತ) ಕೇಳುತ್ತವೆ. ನಿಮ್ಮ ಮಿಷನ್ ಸೆಕೆಂಡು ಕೇಳುವುದಾದರೆ ಒಂದು ಎಚ್ಚರ. ರೇಟ್ 12ರಲ್ಲಿ ಒಂದು ಸುತ್ತಿಗೆ 5 ಸೆಕೆಂಡ್. ಒಳಗೆ 1 ಸೆಕೆಂಡ್ ಇಟ್ಟರೆ ಹೊರಬರಲು 4 ಉಳಿಯುತ್ತದೆ. ರೇಟ್ 30ಕ್ಕೆ ಏರಿಸಿ ಸೆಕೆಂಡು ಮುಟ್ಟದೇ ಬಿಟ್ಟರೆ ಸುತ್ತು 2 ಸೆಕೆಂಡ್, ಹೊರಬರಲು ಉಳಿದದ್ದು ಒಂದೇ. ರೇಟ್ ಮುಟ್ಟಿದಾಗಲೆಲ್ಲ ಐ:ಇ ಎಷ್ಟಾಯಿತು ಎಂದು ನೋಡಿ. 1:2ರಿಂದ 1:3 ಬಹುತೇಕರಿಗೆ ಸರಿ.

ಪೀಪ್, ಅಂದರೆ ಉಸಿರು ಹೊರಬಂದ ಮೇಲೂ ಶ್ವಾಸಕೋಶದಲ್ಲಿ ಉಳಿಸುವ ಒತ್ತಡ, 5 ಸೆಂ.ಮೀ. ನೀರಿನಿಂದ ಶುರು. ಆಮ್ಲಜನಕದ ಪಾಲು, ಅಂದರೆ ಎಫ್‌ಐಒಟು, ಮೊದಲು 100 ಶೇಕಡಾ. ಸ್ಯಾಚುರೇಷನ್ (ರಕ್ತದಲ್ಲಿನ ಆಮ್ಲಜನಕದ ಶೇಕಡಾ ಮಟ್ಟ) ಸ್ಥಿರವಾದ ಮೇಲೆ 92ರಿಂದ 96ರ ನಡುವೆ ಉಳಿಯುವಷ್ಟು ಮಾತ್ರ ಇಟ್ಟು ಇಳಿಸುತ್ತಾ ಬನ್ನಿ. ಸಿಒಪಿಡಿಗೆ 88ರಿಂದ 92. ಸ್ಯಾಚುರೇಷನ್ 100 ಇದೆ ಎಂದು ಸಮಾಧಾನಪಟ್ಟು 100 ಶೇಕಡಾ ಆಮ್ಲಜನಕವನ್ನು ರಾತ್ರಿಯಿಡೀ ಬಿಡುವುದು ರೋಗಿಗೂ ಕೆಡುಕು, ಸಿಲಿಂಡರಿಗೂ ನಷ್ಟ. ಎಆರ್‌ಡಿಎಸ್‌ನಲ್ಲಿ ಎರಡನ್ನೂ ಜೊತೆಯಾಗಿ ಏರಿಸುತ್ತಾರೆ: 40 ಶೇಕಡಾಕ್ಕೆ ಪೀಪ್ 5ರಿಂದ 8, 50ಕ್ಕೆ 8ರಿಂದ 10, 70ಕ್ಕೆ 10ರಿಂದ 14.

ರೋಗಿಯ ಎಳೆತವನ್ನು ಮಿಷನ್ ಗುರುತಿಸುವ ಮಟ್ಟಕ್ಕೆ ಟ್ರಿಗರ್ ಎಂದು ಹೆಸರು: ಫ್ಲೋ ಆದರೆ ನಿಮಿಷಕ್ಕೆ 2 ಲೀಟರ್, ಪ್ರೆಶರ್ ಆದರೆ ಮೈನಸ್ 1ರಿಂದ 2. ಉಸಿರಿನ ಸ್ನಾಯುಗಳೂ ಸೇರಿ ಪೂರ್ತಿ ಸೋತ ರೋಗಿಯಲ್ಲೂ ಟೋಟಲ್ ರೇಟ್ ಏರುತ್ತಿದ್ದರೆ ಅವನು ಉಸಿರಾಡುತ್ತಿಲ್ಲ, ಪೈಪಿನಲ್ಲಿ ನೀರು ಅಲ್ಲಾಡುತ್ತಿದೆ ಅಥವಾ ಎಲ್ಲೋ ಸೋರುತ್ತಿದೆ. ನೀರು ಚೆಲ್ಲಿ, ಜಾಯಿಂಟ್ ನೋಡಿ.

ಟ್ಯೂಬಿಗೆ ಜೋಡಿಸುವ ಮೊದಲು

ಸೆಲ್ಫ್ ಟೆಸ್ಟ್ ಮತ್ತು ಲೀಕ್ ಟೆಸ್ಟ್ ಬಿಡಬೇಡಿ, ಐದು ನಿಮಿಷದ ಕೆಲಸ. ಮಿಷನ್‌ನಿಂದ ಹೊರಡುವ ಪೈಪು, ಹಿಂದಿರುಗುವ ಪೈಪು, ಎರಡೂ ಸೇರುವ ವೈ-ಪೀಸ್, ಅದರ ಮುಂದೆ ಉಸಿರಿನ ಶಾಖ, ತೇವ ಹಿಡಿದಿಡುವ ಎಚ್‌ಎಂಇ ಫಿಲ್ಟರ್, ಆಮೇಲೆ ಟ್ಯೂಬು. ಬಿಸಿನೀರಿನ ಹ್ಯುಮಿಡಿಫೈಯರ್ ಇದ್ದರೆ ಎಚ್‌ಎಂಇ ಬೇಡ. ಎರಡೂ ಸೇರಿದರೆ ಫಿಲ್ಟರ್ ಒದ್ದೆಯಾಗಿ ಕಟ್ಟಿಕೊಳ್ಳುತ್ತದೆ. ಹ್ಯುಮಿಡಿಫೈಯರಿಗೆ ಸ್ಟೆರೈಲ್ ವಾಟರ್ ಮಾತ್ರ. ಸ್ಟಾಕ್ ಮುಗಿದಿದೆ ಎಂದು ಬೋರ್‌ವೆಲ್ ನೀರು ಸುರಿದರೆ ಸೋಂಕು ಒಂದು ಕಡೆ, ಇನ್ನೊಂದು ಕಡೆ ನಮ್ಮ ಗಡುಸು ನೀರಿನ ಉಪ್ಪು ಬಿಸಿ ತಟ್ಟೆಯ ಮೇಲೆ ಬಿಳಿ ಪದರ ಕಟ್ಟುತ್ತದೆ.

ಟೆಸ್ಟ್ ಲಂಗ್ (ನಕಲಿ ಶ್ವಾಸಕೋಶದ ಚೀಲ) ಜೋಡಿಸಿ ಎರಡು ನಿಮಿಷ ಓಡಿಸಿ: ಇಟ್ಟ ವಾಲ್ಯೂಮ್ ಮತ್ತು ಹಿಂದಿರುಗಿದ ವಾಲ್ಯೂಮ್ ಹತ್ತಿರ ಹತ್ತಿರ ಇರಬೇಕು. ರಿಸರ್ವಾಯರ್ ಚೀಲ ಇರುವ ಅಂಬು ಬ್ಯಾಗ್ ಮತ್ತು ಮಾಸ್ಕ್ ತಲೆಯ ಪಕ್ಕದಲ್ಲೇ ತೂಗಿರಲಿ, ಬೀರುವಿನಲ್ಲಿ ಅಲ್ಲ. ಕಫ ಎಳೆಯುವ ಸಕ್ಷನ್ ಒತ್ತಡ 80ರಿಂದ 120 ಮಿ.ಮೀ. ಪಾದರಸ, ಹೆಚ್ಚೆಂದರೆ 150. ಅದರ ಕೊಳವೆ, ಅಂದರೆ ಕ್ಯಾತಿಟರ್, ಟ್ಯೂಬಿನ ಒಳವ್ಯಾಸದ ಅರ್ಧಕ್ಕಿಂತ ಸಣ್ಣದಿರಬೇಕು. ಟ್ಯೂಬಿನ ನಂಬರಿನಲ್ಲಿ 2 ಕಳೆದು 2ರಿಂದ ಗುಣಿಸಿ: 8 ನಂಬರಿಗೆ 12 ಫ್ರೆಂಚ್, 7ಕ್ಕೆ 10.

ಟ್ಯೂಬು ತುಟಿಯ ಹತ್ತಿರ ಎಷ್ಟನೇ ಗುರುತಿಗಿದೆ ಎಂದು ಬರೆಯಿರಿ. ಗಂಡಸಿಗೆ ಸುಮಾರು 23, ಹೆಂಗಸಿಗೆ 21. ಶ್ವಾಸನಾಳದೊಳಗೆ ಟ್ಯೂಬಿನ ಸುತ್ತ ಉಬ್ಬುವ ಬಲೂನಿನ, ಅಂದರೆ ಕಫ್‌ನ, ಒತ್ತಡ 20ರಿಂದ 30 ಸೆಂ.ಮೀ. ನೀರು, ಮಾನೋಮೀಟರಿನಲ್ಲೇ ನೋಡಿ. ಪೈಲಟ್ ಬಲೂನನ್ನು ಬೆರಳಲ್ಲಿ ಒತ್ತಿ "ಸರಿ ಇದೆ" ಅನ್ನುವುದು ಅಳತೆಯಲ್ಲ.

ಮೊದಲ ಅರ್ಧ ಗಂಟೆ: ಎರಡು ಗೇಜು ಓದುವುದು

ಜೋಡಿಸಿದ ಕೂಡಲೇ ಎದೆಯ ಎರಡೂ ಬದಿ ಸಮವಾಗಿ ಏಳುತ್ತದೆಯೇ ನೋಡಿ, ಸ್ಟೆತೋಸ್ಕೋಪ್ ಇಟ್ಟು ಕೇಳಿ. ಬಿಪಿ ತಕ್ಷಣ ತೆಗೆಯಿರಿ. ನಾವು ತಾನಾಗಿ ಉಸಿರೆಳೆದಾಗ ಎದೆಯೊಳಗೆ ಎಳೆತ ಉಂಟಾಗಿ ರಕ್ತ ಹೃದಯಕ್ಕೆ ಬರುತ್ತದೆ; ಮಿಷನ್ ತಳ್ಳಿದಾಗ ಅದೇ ಎದೆಯೊಳಗೆ ಒತ್ತಡ. ನೀರಿನಂಶ ಕಡಿಮೆ ಇದ್ದವರ ಬಿಪಿ ಮೊದಲ ಹತ್ತು ನಿಮಿಷದಲ್ಲೇ ಬೀಳುವುದು ಇದರಿಂದ.

ಆಮೇಲೆ ಇನ್‌ಸ್ಪಿರೇಟರಿ ಹೋಲ್ಡ್ ಗುಂಡಿಯನ್ನು ಅರ್ಧ ಸೆಕೆಂಡಿನಿಂದ ಒಂದು ಸೆಕೆಂಡ್ ಒತ್ತಿ ಹಿಡಿಯಿರಿ. ಗಾಳಿ ಒಳಗೆ ಹೋಗಿ ನಿಂತಿರುತ್ತದೆ. ಹರಿವು ಇಲ್ಲವಾದ್ದರಿಂದ ಟ್ಯೂಬಿನ ತಡೆಯೂ ಇಲ್ಲ. ಪೀಕ್‌ನಿಂದ ಇಳಿದು ಸಮವಾಗುವ ಸಂಖ್ಯೆಯೇ ಪ್ಲಾಟೋ. ಅದು 30 ಸೆಂ.ಮೀ. ನೀರು ದಾಟಬಾರದು. ರೋಗಿ ಆ ಹೊತ್ತಿಗೆ ಕೆಮ್ಮಿದರೆ ಅಥವಾ ಎಳೆದರೆ ಸಂಖ್ಯೆ ಸುಳ್ಳು ಹೇಳುತ್ತದೆ, ಮತ್ತೆ ತೆಗೆಯಿರಿ.

ಒಂದು ಉದಾಹರಣೆ. 165 ಸೆಂ.ಮೀ. ಗಂಡಸು, ಟೈಡಲ್ ವಾಲ್ಯೂಮ್ 400, ಪೀಪ್ 5, ಚೌಕಾಕಾರದ ಫ್ಲೋ 60. ಪೀಕ್ 22, ಪ್ಲಾಟೋ 14. ಅಂತರ 8, ಇದು ಟ್ಯೂಬು ಮತ್ತು ನಾಳಗಳ ತಡೆ, ಸಹಜ. ಪ್ಲಾಟೋದಿಂದ ಪೀಪ್ ಕಳೆದರೆ 9, ಇದಕ್ಕೆ ಡ್ರೈವಿಂಗ್ ಪ್ರೆಶರ್ ಎಂದು ಹೆಸರು, 15ರ ಒಳಗಿರಲಿ. 400ನ್ನು 9ರಿಂದ ಭಾಗಿಸಿದರೆ 44, ಇದು ಕಂಪ್ಲಯನ್ಸ್: ಒಂದು ಸೆಂ.ಮೀ. ಒತ್ತಡಕ್ಕೆ ಶ್ವಾಸಕೋಶ ಹಿಡಿಸುವ ಮಿ.ಲೀ. ವೆಂಟಿಲೇಟರ್ ಮೇಲಿರುವವರಲ್ಲಿ 50ರ ಮೇಲಿದ್ದರೆ ಚೆನ್ನ, 44 ತುಸು ಬಿಗಿ, 25 ಅಂದರೆ ಚಿಂತೆಯ ವಿಷಯ.

ಅದೇ ರೋಗಿಗೆ ನಡುರಾತ್ರಿ ಪೀಕ್ 38 ಆಯಿತು ಅನ್ನಿ. ಹೋಲ್ಡ್ ಒತ್ತಿದಾಗ ಪ್ಲಾಟೋ 14ರಲ್ಲೇ ಇದ್ದರೆ ಅಂತರ 24. ಫಿಲ್ಟರು ಕಟ್ಟಿದೆ: ಕಫ, ಟ್ಯೂಬು ಕಚ್ಚಿರುವುದು, ಮಡಿಸಿಕೊಂಡಿರುವುದು, ಒದ್ದೆಯಾದ ಎಚ್‌ಎಂಇ, ವೀಜಿಂಗ್. ಪ್ಲಾಟೋ 32ಕ್ಕೆ ಏರಿದ್ದರೆ ಅಂತರ 6 ಮಾತ್ರ. ಟ್ಯೂಬು ಸರಿಯಿದೆ, ತೊಂದರೆ ಎದೆಯೊಳಗೆ: ಟ್ಯೂಬು ಬಲಗಡೆಯ ಶ್ವಾಸನಾಳಕ್ಕೆ ಇಳಿದಿರುವುದು, ನ್ಯೂಮೋಥೊರಾಕ್ಸ್ (ಶ್ವಾಸಕೋಶದ ಹೊರಗೆ ಎದೆಗೂಡಿನಲ್ಲಿ ಗಾಳಿ ಸೇರಿರುವುದು), ಶ್ವಾಸಕೋಶದ ಭಾಗ ಕುಸಿದಿರುವುದು, ನೀರು ತುಂಬಿರುವುದು, ಹೊಟ್ಟೆ ಉಬ್ಬಿರುವುದು. ಪೀಕ್ ಸಂಖ್ಯೆ ಎರಡೂ ಸಲ ಒಂದೇ, ಮಾಡಬೇಕಾದ ಕೆಲಸ ಮಾತ್ರ ಪೂರ್ತಿ ಬೇರೆ. ಹೋಲ್ಡ್ ಒತ್ತದೆ ಇದು ತಿಳಿಯುವುದಿಲ್ಲ. ಪ್ರತಿ ಪಾಳಿಯಲ್ಲಿ ಕನಿಷ್ಠ ಒಮ್ಮೆ, ಸೆಟ್ಟಿಂಗ್ ಬದಲಾದಾಗಲೆಲ್ಲ ಒಮ್ಮೆ ಪ್ಲಾಟೋ ಬರೆಯುವುದು ರೂಢಿಯಾಗಬೇಕು. ಇಳಿಜಾರು ಫ್ಲೋ ಇದ್ದರೆ ಉಸಿರಿನ ಕೊನೆಗೆ ಹರಿವು ಕಡಿಮೆಯಾಗಿರುವುದರಿಂದ ಅಂತರ ಚಿಕ್ಕದಾಗಿ ಕಾಣುತ್ತದೆ, ಅದನ್ನೂ ನೆನಪಿಡಿ.

ಅಲಾರಂ: ವಾಲ್ಯೂಮ್ ಹೋಗಿಯೇ ಇರುತ್ತದೆ ಎಂದು ನಂಬಬೇಡಿ

"ವಾಲ್ಯೂಮ್ ಕಂಟ್ರೋಲ್ ಅಂದಮೇಲೆ ವಾಲ್ಯೂಮ್ ಗ್ಯಾರಂಟಿ" ಅನ್ನುವುದು ಪೂರ್ತಿ ನಿಜವಲ್ಲ. ಹೈ ಪ್ರೆಶರ್ ಮಿತಿ 40 ಇಟ್ಟಿದ್ದು ಒತ್ತಡ 40 ಮುಟ್ಟಿದರೆ ಮಿಷನ್ ಅಲ್ಲಿಗೇ ಉಸಿರನ್ನು ನಿಲ್ಲಿಸಿ ಗಾಳಿ ಹೊರಬಿಡುತ್ತದೆ. 400ರಲ್ಲಿ 150 ಹೋಗಿರಬಹುದು. ಅಲಾರಂ ಕಿರುಚುತ್ತಿರುವಷ್ಟು ಹೊತ್ತೂ ರೋಗಿಗೆ ಗಾಳಿ ಸಾಲುತ್ತಿಲ್ಲ ಎಂದೇ ತಿಳಿಯಿರಿ. ಸೈಲೆನ್ಸ್ ಒತ್ತಿದರೆ ಸದ್ದು ಮಾತ್ರ ನಿಲ್ಲುತ್ತದೆ. ಹಾಗಾಗಿ ನೋಡಬೇಕಾದ ಸಂಖ್ಯೆ ನಾವು ಇಟ್ಟದ್ದಲ್ಲ, ಹಿಂದಿರುಗಿ ಬಂದ ಎಕ್ಸ್‌ಹೇಲ್ಡ್ ವಾಲ್ಯೂಮ್.

ಮಿತಿಗಳು ಹೀಗಿರಲಿ: ಹೈ ಪ್ರೆಶರ್ ಆಗಿನ ಪೀಕ್‌ಗಿಂತ 10 ಮೇಲೆ, ಸಾಮಾನ್ಯವಾಗಿ 40ರ ಒಳಗೆ, ಲೋ ಪ್ರೆಶರ್ ಪೀಕ್‌ಗಿಂತ 5ರಿಂದ 10 ಕೆಳಗೆ, ಎಕ್ಸ್‌ಹೇಲ್ಡ್ ವಾಲ್ಯೂಮ್ ಮತ್ತು ಮಿನಿಟ್ ವಾಲ್ಯೂಮ್ (ಒಂದು ನಿಮಿಷದ ಒಟ್ಟು ಗಾಳಿ) ಕಾಲುಭಾಗದಷ್ಟು ಆಚೀಚೆ, ಆಪ್ನಿಯಾ (ಉಸಿರೇ ಇಲ್ಲದ ಹೊತ್ತು) 20 ಸೆಕೆಂಡ್.

ಸ್ಯಾಚುರೇಷನ್ ಬೀಳುತ್ತಿದೆ, ಅಲಾರಂ ಹೊಡೆಯುತ್ತಿದೆ, ಕಾರಣ ತಿಳಿಯುತ್ತಿಲ್ಲ ಅಂದಾಗ ಸ್ಕ್ರೀನಿನ ಮುಂದೆ ನಿಂತು ಯೋಚಿಸಬೇಡಿ. ಒಬ್ಬರು ಡಾಕ್ಟರನ್ನು ಕರೆಯಲಿ. ಇನ್ನೊಬ್ಬರು ಸರ್ಕ್ಯೂಟ್ ಬಿಚ್ಚಿ ಅಂಬು ಬ್ಯಾಗಿನಲ್ಲಿ ಪೂರ್ತಿ ಆಮ್ಲಜನಕದೊಂದಿಗೆ ಕೈಯಿಂದ ಉಸಿರು ಕೊಡಲಿ. ಬ್ಯಾಗ್ ಸಲೀಸಾಗಿ ಹಿಂಡಲು ಬಂದು ರೋಗಿ ಸುಧಾರಿಸಿದರೆ ದೋಷ ಮಿಷನ್ ಅಥವಾ ಪೈಪಿನಲ್ಲಿ. ಬ್ಯಾಗೇ ಗಟ್ಟಿಯಾಗಿದ್ದರೆ ಸಕ್ಷನ್ ಕ್ಯಾತಿಟರ್ ಇಳಿಸಿ ನೋಡಿ: ಇಳಿಯದಿದ್ದರೆ ಟ್ಯೂಬು ಕಟ್ಟಿದೆ ಅಥವಾ ಕಚ್ಚಿದ್ದಾನೆ. ಇಳಿದರೆ ಟ್ಯೂಬಿನ ಗುರುತು ನೋಡಿ, ಎರಡೂ ಬದಿ ಕೇಳಿ. ಒಂದು ಬದಿ ಉಸಿರಿನ ಸದ್ದಿಲ್ಲದೆ ಬಿಪಿಯೂ ಬೀಳುತ್ತಿದ್ದರೆ ಟೆನ್ಷನ್ ನ್ಯೂಮೋಥೊರಾಕ್ಸ್. ಎಕ್ಸ್‌ರೇಗಾಗಿ ಕಾಯುವ ಹೊತ್ತಲ್ಲ. ಹೊಟ್ಟೆಯಿಂದ ಗಳಗಳ ಸದ್ದು ಬಂದು ಎಕ್ಸ್‌ಹೇಲ್ಡ್ ವಾಲ್ಯೂಮ್ ಇಲ್ಲವಾದರೆ ಟ್ಯೂಬು ಹೊರಬಂದಿದೆ. ತೆಗೆದು ಮಾಸ್ಕಿನಿಂದ ಉಸಿರು ಕೊಡಿ.

ಲೋ ವಾಲ್ಯೂಮ್ ಅಲಾರಂ ಹೊಡೆದರೆ ಬಹುತೇಕ ಸಲ ಎಲ್ಲೋ ಬಿಟ್ಟುಕೊಂಡಿದೆ: ವೈ-ಪೀಸ್, ವಾಟರ್ ಟ್ರ್ಯಾಪಿನ ಮುಚ್ಚಳ, ಕಫ್. ಟ್ಯೂಬಿನಿಂದ ಮಿಷನ್‌ವರೆಗೆ ಕೈಯಾಡಿಸಿಕೊಂಡು ಹೋಗಿ. ನೆಬ್ಯುಲೈಸೇಷನ್ ಕೊಡುವಾಗ ಎಚ್‌ಎಂಇ ತೆಗೆದಿಟ್ಟು ಮುಗಿದ ಮೇಲೆ ಹಾಕಿ. ಔಷಧಿಯ ಹನಿ ಫ್ಲೋ ಸೆನ್ಸರಿನ ಮೇಲೆ ಕೂತರೆ ಎಕ್ಸ್‌ಹೇಲ್ಡ್ ವಾಲ್ಯೂಮ್ ತಪ್ಪು ತೋರಿಸುತ್ತದೆ.

ರೋಗಕ್ಕೆ ತಕ್ಕ ಬದಲಾವಣೆ

ಆಸ್ತಮಾ, ಸಿಒಪಿಡಿಯಲ್ಲಿ ಗಾಳಿ ಒಳಹೋಗುವುದಕ್ಕಿಂತ ಹೊರಬರುವುದು ಕಷ್ಟ. ರೇಟ್ 8ರಿಂದ 12, ಫ್ಲೋ 60ರಿಂದ 80, ಐ:ಇ 1:4 ಅಥವಾ ಇನ್ನೂ ಉದ್ದ. ಹಿಂದಿನ ಉಸಿರು ಪೂರ್ತಿ ಹೊರಬರುವ ಮೊದಲೇ ಮುಂದಿನದು ಹೋದರೆ ಗಾಳಿ ಒಳಗೇ ಸೇರುತ್ತಾ ಹೋಗುತ್ತದೆ. ಫ್ಲೋ ಗೆರೆ ಸೊನ್ನೆಗೆ ಮುಟ್ಟದೆ ಮುಂದಿನ ಉಸಿರು ಶುರುವಾಗುತ್ತಿದ್ದರೆ ಅದೇ ಗುರುತು. ಎಕ್ಸ್‌ಪಿರೇಟರಿ ಹೋಲ್ಡ್ ಒತ್ತಿದರೆ ಎಷ್ಟು ಸೇರಿದೆ ಎಂದು ಸಂಖ್ಯೆಯಲ್ಲಿ ಸಿಗುತ್ತದೆ, ಆಟೋ ಪೀಪ್ ಅನ್ನುವುದು ಇದನ್ನೇ. ಇಂಥವರ ಬಿಪಿ ದಿಢೀರನೆ ಬಿದ್ದರೆ ಸರ್ಕ್ಯೂಟ್ ಬಿಚ್ಚಿ ಗಾಳಿ ಹೊರಬರಲು ಬಿಡಿ. ಸೇರಿದ ಗಾಳಿಯೇ ಕಾರಣವಾಗಿದ್ದರೆ ಅರ್ಧ ನಿಮಿಷದೊಳಗೆ ಬಿಪಿ ಏರುತ್ತದೆ. ಏರದಿದ್ದರೆ ನ್ಯೂಮೋಥೊರಾಕ್ಸ್ ಹುಡುಕಿ. ಈ ರೋಗಿಗಳಲ್ಲಿ ಪೀಕ್ 50 ದಾಟುವುದುಂಟು. ಪ್ಲಾಟೋ 30ರ ಒಳಗಿದ್ದರೆ ಹೈ ಪ್ರೆಶರ್ ಮಿತಿಯನ್ನು ಏರಿಸಿಯೇ ಗಾಳಿ ಕೊಡಬೇಕು, ಇಲ್ಲವಾದರೆ ಪ್ರತಿ ಉಸಿರೂ ಅರ್ಧಕ್ಕೇ ತುಂಡಾಗುತ್ತದೆ. ಕಾರ್ಬನ್ ಡೈಆಕ್ಸೈಡ್ ತುಸು ಹೆಚ್ಚಿರಲಿ ಎಂದು ಬಿಡುವುದು ಇಲ್ಲಿ ಸರಿಯಾದ ನಡೆ, ಪಿಎಚ್ 7.20ರ ಮೇಲಿದ್ದರೆ ಅವಸರ ಬೇಡ.

ನಮ್ಮ ಕಡೆ ಮಿಷನ್ ಮೇಲೆ ಬರುವ ಯುವಕರಲ್ಲಿ ಬೆಳೆಗೆ ಹೊಡೆಯುವ ಔಷಧಿ ಕುಡಿದವರು, ಹಾವು ಕಚ್ಚಿದವರು ಬಹಳ. ಇಬ್ಬರ ಶ್ವಾಸಕೋಶವೂ ಸಾಮಾನ್ಯವಾಗಿ ಚೆನ್ನಾಗಿರುತ್ತದೆ, ಸೋತಿರುವುದು ಸ್ನಾಯು. ವಾಲ್ಯೂಮ್ ಕಂಟ್ರೋಲ್ ಹೇಳಿ ಮಾಡಿಸಿದಂತೆ ಕೆಲಸ ಮಾಡುವುದು ಇಂಥವರಲ್ಲಿ. ಬೆಳೆಗೆ ಹೊಡೆಯುವ ಆರ್ಗನೋಫಾಸ್ಫರಸ್ ವಿಷದಲ್ಲಿ ಕಫ, ಜೊಲ್ಲು ಉಕ್ಕಿ ಬರುವುದರಿಂದ ಎಚ್‌ಎಂಇ ಬೇಗ ಒದ್ದೆಯಾಗುತ್ತದೆ. ಪೀಕ್ ಏರಿ ಪ್ಲಾಟೋ ಹಾಗೇ ಇದ್ದರೆ ಮೊದಲು ಫಿಲ್ಟರ್ ನೋಡಿ. ಎಚ್ಚರವಾಗಿ ಚೆನ್ನಾಗಿದ್ದಾನೆ ಎಂದು ಎರಡನೇ ದಿನ ಟ್ಯೂಬು ತೆಗೆಯಲು ಅವಸರಪಡಬೇಡಿ. ವಿಷ ಸೇವಿಸಿದ ಒಂದರಿಂದ ನಾಲ್ಕು ದಿನದೊಳಗೆ ಸ್ನಾಯುಗಳು ಮತ್ತೆ ಸೋಲುವುದುಂಟು, ಮೊದಲು ಸೋಲುವುದು ಕುತ್ತಿಗೆ. ತಲೆಯನ್ನು ದಿಂಬಿನಿಂದ ಎತ್ತಿ ಐದು ಸೆಕೆಂಡ್ ಹಿಡಿಯಲು ಹೇಳಿ; ಆಗದಿದ್ದರೆ ಕಾಯಿರಿ.

ಕಟ್ಟುಹಾವು ಕಚ್ಚಿದವರ ವಿಷಯ ಬೇರೆಯೇ. ನೆಲದ ಮೇಲೆ ಮಲಗಿದ್ದವರಿಗೆ ರಾತ್ರಿ ಕಚ್ಚುತ್ತದೆ, ಗಾಯ ಕಾಣುವುದೇ ಅಪರೂಪ. ಬೆಳಗಿನ ಹೊತ್ತಿಗೆ ರೆಪ್ಪೆ ಇಳಿದಿರುತ್ತದೆ. ಪೂರ್ತಿ ಸೋತಾಗ ಕಣ್ಣು ತೆರೆಯುವುದಿಲ್ಲ, ಬೆರಳು ಅಲ್ಲಾಡುವುದಿಲ್ಲ, ಕಣ್ಣಪಾಪೆಗಳೂ ಹಿಗ್ಗಿ ಬೆಳಕಿಗೆ ಕುಗ್ಗದೇ ಇರಬಹುದು. ಇದನ್ನು ನೋಡಿ ಮೆದುಳು ಸತ್ತಿದೆ ಎಂದು ತೀರ್ಮಾನಿಸಿದರೆ ಬದುಕಬೇಕಾದ ಜೀವ ಹೋಗುತ್ತದೆ. ಆ ರೋಗಿಗೆ ಎಲ್ಲವೂ ಕೇಳಿಸುತ್ತಿರುತ್ತದೆ, ನೋವೂ ತಿಳಿಯುತ್ತಿರುತ್ತದೆ. ಸೆಡೇಷನ್ (ಮಂಪರಿನ ಔಷಧಿ) ಇರಲೇಬೇಕು. ಸಕ್ಷನ್ ಮಾಡುವ ಮೊದಲು "ಅಣ್ಣಾ, ಕಫ ತೆಗೀತೀನಿ, ಒಂಚೂರು ತಡ್ಕೊಳ್ಳಿ" ಎಂದು ಹೇಳಿ. ಹಾಸಿಗೆಯ ಪಕ್ಕ ನಿಂತು "ಉಳಿಯಲ್ಲ ಅನ್ಸತ್ತೆ" ಎಂದು ಯಾರೂ ಆಡಬಾರದು. ರೆಪ್ಪೆ ಮುಚ್ಚದಿದ್ದರೆ ಕಣ್ಣಿಗೆ ಆಯಿಂಟ್‌ಮೆಂಟ್ ಹಾಕಿ ಮುಚ್ಚಿ. ದಿನಗಟ್ಟಲೆ ಹಿಡಿಯಬಹುದು, ಆದರೆ ಉಸಿರು ಕಾದರೆ ಇವರು ನಡೆದುಕೊಂಡು ಮನೆಗೆ ಹೋಗುತ್ತಾರೆ.

ರೋಗಿ ಮಿಷನ್‌ಗೆ ಎದುರು ಉಸಿರಾಡುತ್ತಿದ್ದರೆ ಸೆಡೇಷನ್ ಏರಿಸುವ ಮೊದಲು ಪ್ರೆಶರ್ ಗೆರೆ ನೋಡಿ. ಏರುವ ಗೆರೆ ನಡುವೆ ಗುಳಿ ಬಿದ್ದಂತಿದ್ದರೆ ಅವನು ಕೇಳುವಷ್ಟು ವೇಗದಲ್ಲಿ ಗಾಳಿ ಸಿಗುತ್ತಿಲ್ಲ, ಫ್ಲೋ ಏರಿಸಿ. ಒಂದು ಎಳೆತಕ್ಕೆ ಬೆನ್ನುಬೆನ್ನಿಗೆ ಎರಡು ಉಸಿರು ಹೋಗುತ್ತಿದ್ದರೆ 800 ಮಿ.ಲೀ. ಒಟ್ಟಿಗೆ ಸೇರುತ್ತಿದೆ, ಒಳಗೆಳೆಯುವ ಸಮಯ ತುಸು ಉದ್ದ ಮಾಡಬೇಕು, ಅಥವಾ ವಾಲ್ಯೂಮ್ 8ರ ಮಿತಿಯೊಳಗೆ ಸ್ವಲ್ಪ ಏರಿಸಬೇಕು. ಮೂತ್ರ ಕಟ್ಟಿದೆಯೇ, ನೋವಿದೆಯೇ ಎಂದೂ ನೋಡಿ.

ದಿನದ ಆರೈಕೆ ನಿಮಗೆ ಗೊತ್ತಿದ್ದದ್ದೇ: ತಲೆಭಾಗ 30ರಿಂದ 45 ಡಿಗ್ರಿ, ಬ್ರಷ್‌ನಲ್ಲಿ ಬಾಯಿ ಶುಚಿ, ಪಾಳಿಗೊಮ್ಮೆ ಕಫ್ ಒತ್ತಡ, ಪೈಪಿನ ನೀರನ್ನು ರೋಗಿಯ ಕಡೆಗಲ್ಲ ಟ್ರ್ಯಾಪಿನ ಕಡೆಗೆ ಹರಿಸುವುದು, ಬೆಳಿಗ್ಗೆ ಸೆಡೇಷನ್ ಇಳಿಸಿ ಎಚ್ಚರ ನೋಡುವುದು. ಆಮ್ಲಜನಕ 40 ಶೇಕಡಾಕ್ಕೆ, ಪೀಪ್ 5ಕ್ಕೆ ಇಳಿದು, ಬಿಪಿ ಸ್ಥಿರವಾಗಿ, ಮೂಲ ಕಾಯಿಲೆ ಸುಧಾರಿಸಿದ್ದರೆ ಆ ದಿನವೇ ಪ್ರೆಶರ್ ಸಪೋರ್ಟ್ (ರೋಗಿ ಎಳೆದ ಉಸಿರಿಗೆ ಮಿಷನ್ ಕೊಡುವ ಒತ್ತಡದ ನೆರವು) 5ರಿಂದ 8ರಲ್ಲಿ ಅರ್ಧ ಗಂಟೆಯಿಂದ ಎರಡು ಗಂಟೆ ತಾನಾಗಿ ಉಸಿರಾಡಲು ಬಿಟ್ಟು ನೋಡಬಹುದು.

ಕರೆಂಟು, ಸಿಲಿಂಡರು, ಬೆಂಗಳೂರಿನ ದಾರಿ

ಮುಂಗಾರಿನ ಮೊದಲ ಗಾಳಿ ಮಳೆಗೆ ಕರೆಂಟು ಹೋಗುವುದು ಗೊತ್ತೇ ಇದೆ. ಮಿಷನ್‌ನ ಪ್ಲಗ್ ಯುಪಿಎಸ್ ಸಾಕೆಟ್ಟಿನಲ್ಲೇ ಇದೆಯೇ ಎಂದು ಪಾಳಿ ಬದಲಾದಾಗ ನೋಡಿ. ಬ್ಯಾಟರಿ ಚಿಹ್ನೆ ತುಂಬಿ ತೋರಿಸಿದರೂ ಹಳೆಯ ಬ್ಯಾಟರಿ ನಿಮಿಷಗಳಲ್ಲಿ ಮುಗಿಯಬಹುದು. ರೋಗಿಯಿಲ್ಲದಾಗ ಟೆಸ್ಟ್ ಲಂಗ್ ಹಾಕಿ ಪ್ಲಗ್ ಕಿತ್ತು ಎಷ್ಟು ಹೊತ್ತು ಓಡುತ್ತದೆ ಎಂದು ಒಮ್ಮೆ ಅಳೆದು ಮಿಷನ್ ಮೇಲೇ ಚೀಟಿ ಅಂಟಿಸಿ.

ಬೇರೆ ಆಸ್ಪತ್ರೆಗೆ ಕಳಿಸುವಾಗ ಸಿಲಿಂಡರಿನ ಲೆಕ್ಕ ಮೊದಲು. ಬಿ ಟೈಪ್ ಸಿಲಿಂಡರ್ ತುಂಬಿದಾಗ ಸುಮಾರು 1500 ಲೀಟರ್, ಡಿ ಟೈಪ್ ಜಂಬೋ 7000. ಗೇಜಿನ ಮುಳ್ಳು ಅರ್ಧಕ್ಕಿದ್ದರೆ ಒಳಗೂ ಅರ್ಧ. ಟರ್ಬೈನ್ ಮಿಷನ್‌ನಲ್ಲಿ ನಿಮಿಷಕ್ಕೆ 8 ಲೀಟರ್ ಮಿನಿಟ್ ವಾಲ್ಯೂಮ್, 100 ಶೇಕಡಾ ಆಮ್ಲಜನಕ, ಮೇಲೆ ಮಿಷನ್ ಸದಾ ಹರಿಸುವ ಬಯಾಸ್ ಫ್ಲೋ 2 ಎಂದು ಹಿಡಿದರೆ ನಿಮಿಷಕ್ಕೆ 10 ಲೀಟರ್. ತುಂಬಿದ ಬಿ ಟೈಪ್ 150 ನಿಮಿಷ ಬರುತ್ತದೆ. 60 ಶೇಕಡಾ ಸಾಕಾದರೆ ಗಾಳಿಯಲ್ಲಿರುವ 21ನ್ನು ಕಳೆದು ಲೆಕ್ಕ ಹಾಕಬೇಕು: 10 × (60 − 21) ÷ 79, ಅಂದರೆ ಸುಮಾರು 5 ಲೀಟರ್. ಗ್ಯಾಸಿನ ಒತ್ತಡದಿಂದಲೇ ಓಡುವ ಟ್ರಾನ್ಸ್‌ಪೋರ್ಟ್ ವೆಂಟಿಲೇಟರ್ ಇನ್ನೂ ಹೆಚ್ಚು ಕುಡಿಯುತ್ತದೆ. ತುಮಕೂರಿನಿಂದಾಗಲಿ ಕೋಲಾರದಿಂದಾಗಲಿ ಬೆಂಗಳೂರು 70 ಕಿ.ಮೀ. ಆಸುಪಾಸು. ಆದರೆ ನೆಲಮಂಗಲ ಅಥವಾ ಕೆ.ಆರ್. ಪುರ ಮುಟ್ಟಿದ ಮೇಲಿನ ಟ್ರಾಫಿಕ್ಕು ಕಿಲೋಮೀಟರಿನ ಲೆಕ್ಕಕ್ಕೆ ಸಿಗುವುದಿಲ್ಲ. ಅಂದಾಜಿನ ಸಮಯದ ಎರಡರಷ್ಟು ಆಮ್ಲಜನಕ ಹೊತ್ತೊಯ್ಯಿರಿ, ಸಿಲಿಂಡರಿನ ಕೀಲಿಯನ್ನು ಅದಕ್ಕೇ ಕಟ್ಟಿಡಿ.

ಐಸಿಯು ಮಿಷನ್‌ನಿಂದ ಟ್ರಾನ್ಸ್‌ಪೋರ್ಟ್ ಮಿಷನ್‌ಗೆ ಬದಲಿಸಿ ಹತ್ತು ನಿಮಿಷ ವಾರ್ಡಿನಲ್ಲೇ ಓಡಿಸಿ ಆಮೇಲೆ ಹೊರಡಿ. ಟ್ರಾಲಿಗೆ ಎತ್ತುವಾಗ ಒಬ್ಬರು ತಲೆ ಮತ್ತು ಟ್ಯೂಬು ಮಾತ್ರ ಹಿಡಿದಿರಲಿ: ಗದ್ದ ಎದೆಯ ಕಡೆ ಬಾಗಿದರೆ ಟ್ಯೂಬಿನ ತುದಿ ಒಳಗಿಳಿಯುತ್ತದೆ, ತಲೆ ಹಿಂದಕ್ಕೆ ವಾಲಿದರೆ ಮೇಲೆ ಬರುತ್ತದೆ, ಎರಡು ಸೆಂಟಿಮೀಟರಿನಷ್ಟು. ಹಂಪ್ ದಾಟಿದಾಗಲೆಲ್ಲ ತುಟಿಯ ಗುರುತು ನೋಡಿ.

ರೋಗಿಯ ಜೊತೆ ಹೋಗುವ ಚೀಟಿಯಲ್ಲಿ ಇಷ್ಟಿರಲಿ: ಎತ್ತರ, ಲೆಕ್ಕದ ತೂಕ, ಟೈಡಲ್ ವಾಲ್ಯೂಮ್, ಸೆಟ್ ರೇಟ್ ಮತ್ತು ಟೋಟಲ್ ರೇಟ್, ಪೀಪ್, ಎಫ್‌ಐಒಟು, ಪೀಕ್, ಪ್ಲಾಟೋ ಮತ್ತು ಅದನ್ನು ತೆಗೆದ ಸಮಯ, ಟ್ಯೂಬಿನ ನಂಬರು, ತುಟಿಯ ಗುರುತು, ಕೊನೆಯ ಎಬಿಜಿ, ಕೊನೆಯ ಸೆಡೇಷನ್ ಕೊಟ್ಟ ಹೊತ್ತು. ಹಾವು ಕಚ್ಚಿದವರಾದರೆ ಮೇಲೆಯೇ ದಪ್ಪಕ್ಷರದಲ್ಲಿ: "ರೋಗಿಗೆ ಕೇಳಿಸುತ್ತದೆ."